"ಈ ಯುದ್ಧಕ್ಕೆ ನಾನು ಬರುವುದಿಲ್ಲ" ಎನ್ನುವ ಸೈನಿಕನಿಗೆ ಕಾನೂನಿನಲ್ಲಿ ಜಾಗ ಎಲ್ಲಿದೆ?

1967ರಲ್ಲಿ ಲೂಯಿ ನೆಗ್ರೆ ಎಂಬ ಯುವಕ ಅಮೆರಿಕದ ಸೇನೆಗೆ ಭರ್ತಿಯಾದರು. ತರಬೇತಿ ಮುಗಿದ ಮೇಲೆ ವಿಯೆಟ್ನಾಂಗೆ ಹೊರಡಲು ಆದೇಶ ಬಂತು. ನೆಗ್ರೆ ಶ್ರದ್ಧಾವಂತ ಕ್ಯಾಥೊಲಿಕ್. ಯಾವ ಯುದ್ಧ ನ್ಯಾಯದ್ದು, ಯಾವುದು ಅನ್ಯಾಯದ್ದು ಎಂದು ತೂಗಿ ನೋಡುವುದು ತಮ್ಮ ಧರ್ಮ ಹೇಳಿಕೊಟ್ಟ ಕರ್ತವ್ಯ ಎಂದು ನಂಬಿದ್ದರು. ತೂಗಿ ನೋಡಿದರು. ವಿಯೆಟ್ನಾಂ ಯುದ್ಧ ಅನ್ಯಾಯದ್ದು ಎಂದು ಮನಸ್ಸಿಗೆ ಖಚಿತವಾಯಿತು. ಬಿಡುಗಡೆ ಕೇಳಿ ಅರ್ಜಿ ಹಾಕಿದರು. ಸೇನೆ ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

1971ರ ಮಾರ್ಚ್‌ನಲ್ಲಿ ತೀರ್ಪು ಬಂತು. ಗಿಲೆಟ್ ಎಂಬ ಇನ್ನೊಬ್ಬರ ಪ್ರಕರಣವನ್ನೂ ಜೊತೆಗೆ ಸೇರಿಸಿಕೊಂಡಿದ್ದ ಕೋರ್ಟು ಹೇಳಿದ್ದು ಇಷ್ಟು: ಎಲ್ಲ ಯುದ್ಧಗಳನ್ನೂ ವಿರೋಧಿಸುವವರಿಗೆ ಮಾತ್ರ ಕಾನೂನು ವಿನಾಯಿತಿ ಕೊಡುತ್ತದೆ. ಒಂದು ಯುದ್ಧ ಮಾತ್ರ ಬೇಡ ಎನ್ನುವವರಿಗೆ ಅದು ಸಿಗುವುದಿಲ್ಲ. ಎಂಟು ನ್ಯಾಯಮೂರ್ತಿಗಳು ಇದನ್ನು ಒಪ್ಪಿದರು. ವಿಲಿಯಂ ಡಗ್ಲಸ್ ಒಬ್ಬರೇ ಭಿನ್ನಮತ ಬರೆದರು.

ಇದರ ಪರಿಣಾಮ ಏನಾಯಿತು ನೋಡಿ. ಕ್ವೇಕರ್ ಪಂಥದವರು ಹಿಂಸೆಯನ್ನೇ ಒಪ್ಪುವುದಿಲ್ಲ. ಅಂಥ ಮನೆಯಲ್ಲಿ ಹುಟ್ಟಿ, ಬಂದೂಕು ಮುಟ್ಟುವುದೇ ಪಾಪ ಎಂದು ನಂಬಿದವನಿಗೆ ದಾರಿ ತೆರೆದಿದೆ. ಯುದ್ಧದ ಕಾರಣವನ್ನು ಓದಿ, ವಿಚಾರಿಸಿ, "ಇದು ತಪ್ಪು" ಎಂಬ ತೀರ್ಮಾನಕ್ಕೆ ಬಂದವನಿಗೆ ದಾರಿ ಮುಚ್ಚಿದೆ. ಆತ್ಮಸಾಕ್ಷಿಯ ಹೆಸರಿನಲ್ಲಿ ಯುದ್ಧ ನಿರಾಕರಿಸುವವರ ಬಗ್ಗೆ ಮಾತಾಡುವಾಗ ಈ ಎರಡನೆಯವನನ್ನು ನಾವು ಮರೆತುಬಿಡುತ್ತೇವೆ. ನನಗೆ ಮುಖ್ಯ ಎನಿಸುವುದು ಅವನೇ. ಸರ್ಕಾರಗಳು ಜಾಸ್ತಿ ಹೆದರುವುದೂ ಅವನಿಗೇ.

ಮೂರು ಬೇರೆ ಬೇರೆ ನಿರಾಕರಣೆಗಳು

ಸೈನಿಕ "ಇಲ್ಲ" ಎಂದ ಕೂಡಲೇ ಅದೆಲ್ಲವೂ ಒಂದೇ ಬಗೆಯದು ಎಂದುಕೊಳ್ಳುವುದು ಸುಲಭ. ಕಾನೂನಿನ ಕಣ್ಣಲ್ಲಿ ಹಾಗಿಲ್ಲ.

ಮೊದಲನೆಯದು, ಕಾನೂನುಬಾಹಿರ ಆದೇಶವನ್ನು ಪಾಲಿಸದೆ ಇರುವುದು. ಯುದ್ಧವನ್ನು ಒಪ್ಪಿಕೊಂಡ ಸೈನಿಕನಿಗೂ ಇದು ಅನ್ವಯಿಸುತ್ತದೆ. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್ ಊರಿನಲ್ಲಿ ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲುತ್ತಿದ್ದರು. ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಅದನ್ನು ಕಂಡರು. ಸೈನಿಕರಿಗೂ ಊರವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದರು. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಎಂದು ತಮ್ಮ ಸಿಬ್ಬಂದಿಗೆ ಹೇಳಿ ಕೆಳಗಿಳಿದರು. ಅಮೆರಿಕ ಅವರಿಗೆ ಸೋಲ್ಜರ್ಸ್ ಮೆಡಲ್ ಎಂಬ ಪದಕ ಕೊಟ್ಟಿದ್ದು 30 ವರ್ಷ ಕಳೆದು, 1998ರಲ್ಲಿ. ಇಂಥ ಸಂದರ್ಭದಲ್ಲಿ ಆದೇಶ ಪಾಲಿಸದಿರುವುದು ಬರೀ ಹಕ್ಕಲ್ಲ, ಕರ್ತವ್ಯ. "ಮೇಲಿನವರು ಹೇಳಿದ್ದನ್ನು ಮಾಡಿದೆ" ಎಂಬ ಸಮರ್ಥನೆ ನಡೆಯುವುದಿಲ್ಲ ಎಂದು ಎರಡನೇ ಮಹಾಯುದ್ಧದ ನಂತರ ನ್ಯೂರೆಂಬರ್ಗ್ ವಿಚಾರಣೆ ಹೇಳಿತ್ತು. ಬೇರೆ ಆಯ್ಕೆ ನಿಜವಾಗಿ ಇದ್ದಿದ್ದರೆ ಎಂಬ ಷರತ್ತಿನೊಂದಿಗೆ.

ಎರಡನೆಯದು, ಎಲ್ಲ ಯುದ್ಧಗಳನ್ನೂ ನಿರಾಕರಿಸುವುದು. ಮೂರನೆಯದು, ಒಂದು ನಿರ್ದಿಷ್ಟ ಯುದ್ಧವನ್ನು ನಿರಾಕರಿಸುವುದು.

ಮೂರನೆಯದಕ್ಕೆ ಸ್ಪಷ್ಟ ಉದಾಹರಣೆ ಅಮೆರಿಕದ ಲೆಫ್ಟಿನೆಂಟ್ ಎಹ್ರೆನ್ ವಟಾಡಾ. 2006ರ ಜೂನ್‌ನಲ್ಲಿ ಅವರು ಇರಾಕ್‌ಗೆ ಹೋಗುವುದಿಲ್ಲ ಎಂದರು. ಅಫ್ಗಾನಿಸ್ತಾನಕ್ಕೆ ಕಳಿಸಿ, ಹೋಗುತ್ತೇನೆ ಎಂದೂ ಹೇಳಿದ್ದರು. ಅಂದರೆ ಬಂದೂಕಿಗೆ ಹೆದರಿದವರಲ್ಲ, ಸೇನೆಯನ್ನು ದ್ವೇಷಿಸಿದವರೂ ಅಲ್ಲ. ಇರಾಕ್ ಮೇಲಿನ ದಾಳಿಯೇ ಕಾನೂನಿಗೆ ವಿರುದ್ಧ, ಅದರಲ್ಲಿ ಪಾಲ್ಗೊಂಡರೆ ತಾನೂ ತಪ್ಪಿತಸ್ಥ ಎಂಬುದು ಅವರ ವಾದ. 2007ರಲ್ಲಿ ಕೋರ್ಟ್ ಮಾರ್ಷಲ್ ನಡುವೆಯೇ ನಿಂತುಹೋಯಿತು. ಒಂದೇ ಆರೋಪಕ್ಕೆ ಎರಡು ಸಲ ವಿಚಾರಣೆ ಮಾಡುವಂತಿಲ್ಲ ಎಂಬ ನಿಯಮ ಮತ್ತೆ ವಿಚಾರಣೆಗೆ ಅಡ್ಡ ಬಂತು. 2009ರಲ್ಲಿ ಸೇನೆ ಅವರನ್ನು ಬಿಟ್ಟುಕೊಟ್ಟಿತು. ಅವರ ಮೂಲ ಪ್ರಶ್ನೆಗೆ ಯಾವ ಕೋರ್ಟೂ ಉತ್ತರ ಕೊಡಲಿಲ್ಲ.

1916ರ ಬ್ರಿಟನ್

ಇವತ್ತಿನ ಕಾನೂನುಗಳ ಅಚ್ಚು ಬಹುಪಾಲು ಮೊದಲ ಮಹಾಯುದ್ಧದ ಬ್ರಿಟನ್ನಿನಲ್ಲಿ ಸಿದ್ಧವಾಯಿತು. ಅದಕ್ಕೂ ಮುಂಚೆ ಯುದ್ಧ ನಿರಾಕರಿಸಿದವರು ಇರಲಿಲ್ಲ ಎಂದಲ್ಲ. ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕಾದಲ್ಲಿ ಮ್ಯಾಕ್ಸಿಮಿಲಿಯನ್ ಎಂಬ ಹುಡುಗ, ನಾನು ಕ್ರೈಸ್ತ, ರೋಮನ್ ಸೇನೆಗೆ ಸೇರಲಾರೆ ಎಂದು ಹೇಳಿ ತಲೆ ಕೊಟ್ಟಿದ್ದ. ಆದರೆ ಇಡೀ ದೇಶದ ಗಂಡಸರನ್ನು ಕರೆದು ಯೂನಿಫಾರ್ಮ್ ತೊಡಿಸುವ ಆಧುನಿಕ ಸರ್ಕಾರಕ್ಕೆ ಈ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದುರಾಗಿದ್ದು ಅಲ್ಲಿ.

1914ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿ ಕಡ್ಡಾಯ ಭರ್ತಿ ಇರಲಿಲ್ಲ. ಸ್ವಂತ ಇಚ್ಛೆಯಿಂದ ಬಂದವರು ಸಾಲದೆ ಹೋದಾಗ 1916ರ ಜನವರಿಯಲ್ಲಿ ಮಿಲಿಟರಿ ಸರ್ವಿಸ್ ಆಕ್ಟ್ ಬಂತು. ಮೊದಲು ಮದುವೆಯಾಗದವರಿಗೆ, ಕೆಲವೇ ತಿಂಗಳಲ್ಲಿ ಮದುವೆಯಾದವರಿಗೂ ಅನ್ವಯವಾಯಿತು. ಕಾನೂನಿನಲ್ಲಿ ಒಂದು ಸಣ್ಣ ಕಲಮು ಇತ್ತು: ಆತ್ಮಸಾಕ್ಷಿ ಒಪ್ಪದವರು ವಿನಾಯಿತಿ ಕೇಳಬಹುದು. ಇದನ್ನು ಸೇರಿಸಲು ಪಾರ್ಲಿಮೆಂಟಿನಲ್ಲಿದ್ದ ಕ್ವೇಕರ್ ಸದಸ್ಯರು ಹೋರಾಡಿದ್ದರು.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ತೊಂದರೆ ಇದ್ದಿದ್ದು ಅದನ್ನು ತೀರ್ಮಾನಿಸುವ ಕಡೆ. ಊರೂರಿನಲ್ಲಿ ಟ್ರಿಬ್ಯೂನಲ್ ಎಂಬ ಸಮಿತಿಗಳನ್ನು ಮಾಡಿದರು. ಅಲ್ಲಿ ಕೂರುತ್ತಿದ್ದವರು ಊರಿನ ಗಣ್ಯರು, ವ್ಯಾಪಾರಿಗಳು, ವಯಸ್ಸಾದವರು. ಜೊತೆಗೆ ಸೇನೆಯ ಪ್ರತಿನಿಧಿಯೊಬ್ಬ. ಅವರಲ್ಲಿ ಎಷ್ಟೋ ಜನ ಅದುವರೆಗೆ ಹುಡುಗರನ್ನು ಸೇನೆಗೆ ಸೇರಿಸುವ ಕೆಲಸದಲ್ಲೇ ಇದ್ದವರು. ಜರ್ಮನ್ ಸೈನಿಕನೊಬ್ಬ ನಿನ್ನ ಅಕ್ಕತಂಗಿಯರ ಮೇಲೆ ಕೈ ಹಾಕಿದರೆ ಏನು ಮಾಡ್ತೀಯ ಎಂಬ ಪ್ರಶ್ನೆ ಅಲ್ಲಿ ಪದೇ ಪದೇ ಬರುತ್ತಿತ್ತು. ತಡೆಯುತ್ತೇನೆ ಎಂದರೆ, ಹಾಗಾದರೆ ಯುದ್ಧವನ್ನೂ ಮಾಡಬಹುದಲ್ಲ ಎನ್ನುತ್ತಿದ್ದರು. ತಡೆಯುವುದಿಲ್ಲ ಎಂದರೆ, ಇವನೆಂಥ ಗಂಡಸು ಎನ್ನುತ್ತಿದ್ದರು. ಎರಡೂ ಉತ್ತರಕ್ಕೆ ಸೋಲು. ಮನೆಯೊಳಗೆ ಬಂದವನನ್ನು ತಡೆಯುವುದಕ್ಕೂ, ಯಾವುದೋ ದೇಶದ ಹೊಲದಲ್ಲಿ ಗುರುತೇ ಇಲ್ಲದ ಇನ್ನೊಬ್ಬ ಹುಡುಗನನ್ನು ಕೊಲ್ಲುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಅದನ್ನು ವಿವರಿಸಲು ಅಲ್ಲಿ ಸಿಗುತ್ತಿದ್ದದ್ದು ಕೆಲವೇ ನಿಮಿಷ.

ಹೀಗೆ ನಿರಾಕರಿಸಿದವರು ಸುಮಾರು 16,000 ಎಂದು ಹಿಂದೆ ಲೆಕ್ಕ ಹಾಕುತ್ತಿದ್ದರು. ಈಚಿನ ಪಟ್ಟಿಗಳಲ್ಲಿ ಸಂಖ್ಯೆ ಅದಕ್ಕಿಂತ ಜಾಸ್ತಿ ಇದೆ. ಅವರೆಲ್ಲರೂ ಒಂದೇ ಥರ ಇರಲಿಲ್ಲ. ಕೆಲವರು ಆಂಬುಲೆನ್ಸ್ ಓಡಿಸಲು, ಗಾಯಾಳುಗಳನ್ನು ಹೊರಲು ಸಿದ್ಧರಿದ್ದರು. ಕೆಲವರು ಯೂನಿಫಾರ್ಮ್ ಹಾಕಿ ರಸ್ತೆ ಕೆಲಸ, ಸಾಮಾನು ಇಳಿಸುವ ಕೆಲಸ ಒಪ್ಪಿದರು. ಇನ್ನು ಕೆಲವರದು ಪೂರ್ತಿ ನಿರಾಕರಣೆ. ನಾನು ಆಲೂಗಡ್ಡೆ ಸುಲಿದರೂ ಅದರಿಂದ ಇನ್ನೊಬ್ಬನ ಕೈ ಬಂದೂಕಿಗೆ ಬಿಡುವಾಗುತ್ತದೆ, ಹಾಗಾಗಿ ಯುದ್ಧಕ್ಕೆ ನೆರವಾಗುವ ಯಾವ ಕೆಲಸವನ್ನೂ ಮಾಡೆ ಎನ್ನುತ್ತಿದ್ದರು.

ಈ ಕೊನೆಯ ಗುಂಪಿನವರನ್ನು ಬಲವಂತವಾಗಿ ಸೇನೆಗೆ ಸೇರಿಸಿ, ಆದೇಶ ಪಾಲಿಸದಿದ್ದಾಗ ಶಿಕ್ಷೆ ಕೊಟ್ಟರು. ಒಂದಷ್ಟು ಜನರನ್ನು ಫ್ರಾನ್ಸ್‌ಗೆ ಸಾಗಿಸಿದರು. ಅದು ರಣರಂಗದ ನಾಡು. ಅಲ್ಲಿ ಆದೇಶ ಮೀರಿದರೆ ಮರಣದಂಡನೆ ಕೊಡಬಹುದು. 1916ರ ಜೂನ್‌ನಲ್ಲಿ 35 ಜನರಿಗೆ ಹಾಗೇ ಆಯಿತು. ಸೈನಿಕರ ಸಾಲಿನ ಮುಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಗುಂಡಿಟ್ಟು ಕೊಲ್ಲುವ ಶಿಕ್ಷೆ ಎಂದು ಓದಿದರು. ಸ್ವಲ್ಪ ತಡೆದು, ಅದನ್ನು ಹತ್ತು ವರ್ಷದ ಕಠಿಣ ಸಜೆಗೆ ಇಳಿಸಲಾಗಿದೆ ಎಂದು ಓದಿದರು. ಆ ತಡೆದ ಕ್ಷಣದಲ್ಲಿ ಒಬ್ಬರೂ ಮನಸ್ಸು ಬದಲಿಸಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಜೈಲು, ಕೆಲಸದ ಶಿಬಿರಗಳ ಕಷ್ಟದಿಂದ ಇಂಥ 70ಕ್ಕೂ ಹೆಚ್ಚು ಜನ ಸತ್ತಿದ್ದರು. ಉಳಿದವರಲ್ಲಿ ಹಲವರ ಮತದಾನದ ಹಕ್ಕನ್ನು ಐದು ವರ್ಷ ಕಿತ್ತುಕೊಂಡರು.

ಇದೆಲ್ಲ ಸೇನೆಗೆ ಸೇರಲೊಲ್ಲದವರ ಕಥೆ. ಸೇರಿ, ಹೋರಾಡಿ, ಆಮೇಲೆ ಸಾಕು ಎಂದವರಿಗೆ ಏನಾಯಿತು? ಲೆಫ್ಟಿನೆಂಟ್ ಸೀಗ್‌ಫ್ರೀಡ್ ಸಸೂನ್ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪಡೆದಿದ್ದ ಅಧಿಕಾರಿ. ರಕ್ಷಣೆಗಾಗಿ ಶುರುವಾದ ಯುದ್ಧ ಈಗ ಆಕ್ರಮಣದ ಯುದ್ಧವಾಗಿದೆ ಎಂದು ಅವರು 1917ರಲ್ಲಿ ಹೇಳಿಕೆ ಬರೆದು ಕೊಟ್ಟರು. ಅದನ್ನು ಪಾರ್ಲಿಮೆಂಟಿನಲ್ಲೂ ಓದಲಾಯಿತು. ಸರ್ಕಾರ ಕೋರ್ಟ್ ಮಾರ್ಷಲ್ ಮಾಡಲಿಲ್ಲ. ಮಾನಸಿಕ ಆಘಾತ ಎಂದು ಆಸ್ಪತ್ರೆಗೆ ಕಳಿಸಿತು. ಪ್ರಶ್ನೆ ಕೇಳಿದವನನ್ನು ರೋಗಿ ಮಾಡಿದರೆ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಕೊನೆಗೆ ಸಸೂನ್ ತಮ್ಮ ಸೈನಿಕರನ್ನು ಬಿಟ್ಟಿರಲಾರದೆ ಮತ್ತೆ ರಣರಂಗಕ್ಕೆ ಹೋದರು.

ಆತ್ಮಸಾಕ್ಷಿಯನ್ನು ಅಳೆಯುವುದು ಹೇಗೆ?

ಅಮೆರಿಕದ ಸೇನೆಯಲ್ಲಿ ಇವತ್ತು ಕಡ್ಡಾಯ ಭರ್ತಿ ಇಲ್ಲ. ಆದರೂ ಸೇರಿದ ಮೇಲೆ ಮನಸ್ಸು ಬದಲಾಗಬಹುದು ಎಂದು ಅಲ್ಲಿನ ನಿಯಮ ಒಪ್ಪುತ್ತದೆ. ಇದು ದೊಡ್ಡ ಮಾತು. "ನೀನಾಗೇ ಸೇರಿದೆ, ಈಗೇನು ಆತ್ಮಸಾಕ್ಷಿ?" ಎಂದು ಕೇಳುವವರಿಗೆ ಇದು ಉತ್ತರ. ಹದಿನೆಂಟರಲ್ಲಿ ಸಹಿ ಹಾಕಿದ ಹುಡುಗ ಇಪ್ಪತ್ತೆರಡರಲ್ಲಿ, ಸಾವು ಕಂಡ ಮೇಲೆ, ಅದೇ ಮನುಷ್ಯನಾಗಿ ಉಳಿದಿರುತ್ತಾನೆ ಎಂದು ಯಾರೂ ಭರವಸೆ ಕೊಡಲಾರರು.

ಅರ್ಜಿ ಹಾಕಿದ ಸೈನಿಕ ತನ್ನ ನಂಬಿಕೆ ಏನು, ಅದು ಯಾವಾಗ ಹೇಗೆ ಬಂತು, ಬದುಕಿನಲ್ಲಿ ಅದು ಎಲ್ಲಿ ಕಾಣುತ್ತದೆ ಎಂದು ವಿವರವಾಗಿ ಬರೆದು ಕೊಡಬೇಕು. ಸೇನೆಯ ಪಾದ್ರಿಯೊಬ್ಬರು ಮಾತಾಡಿಸುತ್ತಾರೆ. ಮನೋವೈದ್ಯರು ನೋಡುತ್ತಾರೆ. ಆಮೇಲೆ ತನಿಖಾಧಿಕಾರಿಯೊಬ್ಬರು ವಿಚಾರಣೆ ನಡೆಸುತ್ತಾರೆ. ನಂಬಿಕೆ ಪ್ರಾಮಾಣಿಕ ಎಂದು ತೋರಿಸುವ ಹೊಣೆ ಸೈನಿಕನದೇ. ಒಪ್ಪಿಗೆಯಾದರೆ ಎರಡು ದಾರಿ. ಪೂರ್ತಿ ಬಿಡುಗಡೆ, ಇಲ್ಲವೇ ಆಯುಧ ಮುಟ್ಟದ ಕೆಲಸ.

ಆಯುಧ ಮುಟ್ಟದ ಕೆಲಸ ಎಂದರೆ ಸುಲಭದ ಕೆಲಸ ಎಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಡೆಸ್ಮಂಡ್ ಡಾಸ್ ಬಂದೂಕು ಹಿಡಿಯಲು ಒಪ್ಪದ ವೈದ್ಯಕೀಯ ಸಹಾಯಕ. ತರಬೇತಿಯಲ್ಲಿ ಜೊತೆಗಾರರು ಹೀಯಾಳಿಸಿದ್ದರು. 1945ರಲ್ಲಿ ಓಕಿನಾವಾದ ಕಡಿದಾದ ಬಂಡೆಯ ಮೇಲೆ, ಗುಂಡಿನ ನಡುವೆ, ಗಾಯಗೊಂಡವರನ್ನು ಒಬ್ಬೊಬ್ಬರಾಗಿ ಹಗ್ಗ ಕಟ್ಟಿ ಕೆಳಗಿಳಿಸಿದರು. ಹಾಗೆ ಉಳಿಸಿದ್ದು ಸುಮಾರು 75 ಜನರನ್ನು. ಅಮೆರಿಕದ ಅತಿ ದೊಡ್ಡ ಸೇನಾ ಗೌರವ ಅವರಿಗೆ ಸಿಕ್ಕಿತು.

ಹಿಂದೆ ಈ ವಿನಾಯಿತಿ ದೇವರನ್ನು ನಂಬುವವರಿಗೆ ಮಾತ್ರ ಇತ್ತು. 1965ರಲ್ಲಿ ಸೀಗರ್ ಪ್ರಕರಣ, 1970ರಲ್ಲಿ ವೆಲ್ಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಹಿಗ್ಗಿಸಿತು. ಧಾರ್ಮಿಕ ನಂಬಿಕೆಯಷ್ಟೇ ಆಳವಾದ ನೈತಿಕ ನಂಬಿಕೆ ಇದ್ದರೂ ಸಾಕು ಎಂದಿತು. ಆದರೆ "ಎಲ್ಲ ಯುದ್ಧ" ಎಂಬ ಬೇಲಿಯನ್ನು ಮಾತ್ರ ಕದಲಿಸಲಿಲ್ಲ.

ಮೊಹಮ್ಮದ್ ಅಲಿ ಅವರ ಪ್ರಕರಣ ಎಲ್ಲರಿಗೂ ಗೊತ್ತು. ಅದು ಗೆದ್ದ ರೀತಿ ಅಷ್ಟಾಗಿ ಗೊತ್ತಿಲ್ಲ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಭರ್ತಿಗೆ ಹೆಸರು ಕರೆದಾಗ ಅವರು ಹೆಜ್ಜೆ ಮುಂದಿಡಲಿಲ್ಲ. ಬಾಕ್ಸಿಂಗ್ ಕಿರೀಟ ಹೋಯಿತು. ಐದು ವರ್ಷ ಸಜೆ, 10,000 ಡಾಲರ್ ದಂಡ ಬಿತ್ತು. ಜಾಮೀನಿನ ಮೇಲೆ ಹೊರಗಿದ್ದರೂ ಮೂರೂವರೆ ವರ್ಷ ರಿಂಗಿಗೆ ಇಳಿಯಲಾಗಲಿಲ್ಲ. 1971ರ ಜೂನ್ 28ರಂದು ಸುಪ್ರೀಂ ಕೋರ್ಟು, ತೀರ್ಪಿನಲ್ಲಿ ಪಾಲ್ಗೊಂಡ ಎಂಟೂ ನ್ಯಾಯಮೂರ್ತಿಗಳ ಒಮ್ಮತದಿಂದ ಶಿಕ್ಷೆ ರದ್ದು ಮಾಡಿತು. ಅದಕ್ಕೆ ಕೊಟ್ಟ ಕಾರಣ ತಾಂತ್ರಿಕವಾದದ್ದು. ವಿನಾಯಿತಿಗೆ ಮೂರು ಪರೀಕ್ಷೆ: ನಂಬಿಕೆ ಧಾರ್ಮಿಕವೇ, ಪ್ರಾಮಾಣಿಕವೇ, ಎಲ್ಲ ಯುದ್ಧಕ್ಕೂ ವಿರೋಧವೇ. ಮೊದಲೆರಡನ್ನು ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಕಡ್ಡಾಯ ಭರ್ತಿಯ ಅರ್ಜಿಗಳನ್ನು ನೋಡುವ ಮೇಲ್ಮನವಿ ಮಂಡಳಿ ಯಾವ ಕಾರಣಕ್ಕೆ ಅಲಿ ಅವರ ಅರ್ಜಿ ತಳ್ಳಿತು ಎಂದು ಬರೆದೇ ಇರಲಿಲ್ಲ. ತಪ್ಪು ಕಾರಣಕ್ಕೆ ತಳ್ಳಿರಬಹುದು, ಹಾಗಾಗಿ ಶಿಕ್ಷೆ ನಿಲ್ಲುವುದಿಲ್ಲ ಎಂದರು. ಮೂರನೆಯ ಪ್ರಶ್ನೆಯನ್ನು, ಅಂದರೆ ಅಲಿ ವಿರೋಧಿಸಿದ್ದು ಎಲ್ಲ ಯುದ್ಧವನ್ನೋ ಈ ಯುದ್ಧವನ್ನೋ ಎಂಬುದನ್ನು, ಕೋರ್ಟು ಮುಟ್ಟಲೇ ಇಲ್ಲ. ಮೂರೂವರೆ ತಿಂಗಳ ಹಿಂದಷ್ಟೇ ನೆಗ್ರೆ ಸೋತಿದ್ದು ಅದೇ ಪ್ರಶ್ನೆಯಲ್ಲಿ.

ಸರ್ಕಾರದ ವಾದಕ್ಕೂ ಬಲ ಇದೆ

ಒಂದು ಯುದ್ಧವನ್ನು ಮಾತ್ರ ನಿರಾಕರಿಸುವ ಹಕ್ಕು ಯಾಕೆ ಕೊಡಬಾರದು? ಇದಕ್ಕೆ ಕೊಡುವ ಕಾರಣಗಳನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಅಮೆರಿಕದ ಕೋರ್ಟು ಹೇಳಿದ್ದು: ಇಂಥ ಅರ್ಜಿಗಳನ್ನು ನ್ಯಾಯವಾಗಿ ಅಳೆಯುವುದು ತುಂಬ ಕಷ್ಟ. ರಾಜಕೀಯ ಅಭಿಪ್ರಾಯ ಎಲ್ಲಿ ಮುಗಿಯಿತು, ಆತ್ಮಸಾಕ್ಷಿ ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಚೆನ್ನಾಗಿ ಮಾತಾಡಬಲ್ಲವನು ಗೆಲ್ಲುತ್ತಾನೆ, ಮಾತು ಬಾರದವನು ರಣರಂಗಕ್ಕೆ ಹೋಗುತ್ತಾನೆ.

ಇಸ್ರೇಲಿನ ಸುಪ್ರೀಂ ಕೋರ್ಟು 2002ರ ಡಿಸೆಂಬರ್‌ನಲ್ಲಿ ಇದನ್ನು ಇನ್ನೂ ನೇರವಾಗಿ ಹೇಳಿತು. ಆಕ್ರಮಿತ ಪ್ಯಾಲೆಸ್ಟೀನ್ ಪ್ರದೇಶಗಳಲ್ಲಿ ಕೆಲಸ ಮಾಡಲೊಲ್ಲೆವು ಎಂದ ಎಂಟು ಮೀಸಲು ಸೈನಿಕರ ಅರ್ಜಿ ಅದು. ಅವರಲ್ಲಿ ಡೇವಿಡ್ ಝೋನ್‌ಷೈನ್ ಆ ವರ್ಷದ ಆರಂಭದಲ್ಲಿ ಹೊರಬಂದ ಯೋಧರ ಪತ್ರದ ಹಿಂದಿದ್ದವರು. ದೇಶದ ರಕ್ಷಣೆಗೆ ಕರೆದರೆ ಬರುತ್ತೇವೆ, ಒಂದು ಜನಾಂಗವನ್ನು ಅಂಕೆಯಲ್ಲಿಡುವ ಕೆಲಸಕ್ಕೆ ಬರೆವು ಎಂಬುದು ಆ ಪತ್ರದ ತಿರುಳು. ನ್ಯಾಯಮೂರ್ತಿ ಅಹರೋನ್ ಬರಾಕ್ ಇವರ ಪ್ರಾಮಾಣಿಕತೆಯನ್ನು ಅನುಮಾನಿಸಲಿಲ್ಲ. ಆದರೆ ಮುಂದಿನ ಹೆಜ್ಜೆ ಯೋಚಿಸಿ ಎಂದರು. ನಿನ್ನೆ ದಕ್ಷಿಣ ಲೆಬನಾನ್ ಬೇಡ ಎಂದರು, ಇವತ್ತು ಈ ಪ್ರದೇಶ ಬೇಡ ಎನ್ನುತ್ತಿದ್ದಾರೆ, ನಾಳೆ ಇನ್ನೊಬ್ಬರು ಯಹೂದಿ ವಸಾಹತನ್ನು ತೆರವು ಮಾಡಲು ಬರುವುದಿಲ್ಲ ಎನ್ನುತ್ತಾರೆ. ಜನರ ಸೇನೆ ಗುಂಪುಗಳ ಸೇನೆಯಾಗುತ್ತದೆ. 2005ರಲ್ಲಿ ಗಾಜಾದ ವಸಾಹತುಗಳನ್ನು ತೆರವು ಮಾಡುವಾಗ ಕೆಲವು ಸೈನಿಕರು ನಿಜವಾಗಿಯೂ ಹಾಗೇ ನಿರಾಕರಿಸಿದರು.

ಈ ವಾದ ನನ್ನನ್ನು ಕಾಡುತ್ತದೆ. ನನಗೆ ಇಷ್ಟವಾಗುವ ನಿರಾಕರಣೆಗೆ ಮಾತ್ರ ಆತ್ಮಸಾಕ್ಷಿ ಎಂದು ಹೆಸರಿಟ್ಟರೆ ಅದು ನ್ಯಾಯವಲ್ಲ. ಹಾಗಿದ್ದರೂ ಒಂದು ಗೆರೆ ಎಳೆಯಬಹುದು ಎಂದು ನನಗನಿಸುತ್ತದೆ. ಇನ್ನೊಬ್ಬ ಮನುಷ್ಯನನ್ನು ಕೊಲ್ಲು ಎಂದಾಗ ಬೇಡ ಎನ್ನುವುದಕ್ಕೂ, ಬೇರೆ ಯಾವುದೋ ಆದೇಶ ಇಷ್ಟವಾಗಲಿಲ್ಲ ಎನ್ನುವುದಕ್ಕೂ ತೂಕ ಒಂದೇ ಅಲ್ಲ. ಕೊಂದದ್ದನ್ನು ವಾಪಸ್ ತರಲು ಆಗುವುದಿಲ್ಲ. ಎರಡೂ ಕಡೆಯವರು ಪ್ರಾಮಾಣಿಕರೇ ಇರಬಹುದು. ಆದರೂ ಕಾನೂನು ಮೊದಲು ಕಾಪಾಡಬೇಕಾದದ್ದು ಕೊಲ್ಲಲಾರೆ ಎಂದವನನ್ನು.

ಸೇಂಟ್ ರಾಡೆಗುಂಡ್‌ನ ರೈತ

"ಎಲ್ಲ ಯುದ್ಧ" ಎಂಬ ಪರೀಕ್ಷೆ ಎಷ್ಟು ಕುರುಡು ಎಂದು ತಿಳಿಯಲು ಫ್ರಾನ್ಜ್ ಯೇಗರ್‌ಸ್ಟೆಟರ್ ಅವರ ಬದುಕನ್ನು ನೋಡಬೇಕು.

ಅವರು ಆಸ್ಟ್ರಿಯಾದ ಸೇಂಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯ ರೈತ. ಹುಟ್ಟಿದ್ದು 1907ರಲ್ಲಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡು ಜನಮತ ಕೇಳಿದಾಗ ಆ ಊರಿನಲ್ಲಿ ಬೇಡ ಎಂದವರು ಅವರೊಬ್ಬರೇ. 1940ರಲ್ಲಿ ಸೇನೆ ಕರೆಯಿತು. ಹೋದರು, ತರಬೇತಿ ಪಡೆದರು. ಹೊಲದ ಕೆಲಸಕ್ಕೆ ಬೇಕು ಎಂಬ ಕಾರಣಕ್ಕೆ 1941ರಲ್ಲಿ ಊರಿಗೆ ಬಿಟ್ಟರು. ಆ ಹೊತ್ತಿಗೆ ಅವರ ಮನಸ್ಸು ಗಟ್ಟಿಯಾಗಿತ್ತು. ಇನ್ನೊಮ್ಮೆ ಕರೆದರೆ ಹೋಗುವುದಿಲ್ಲ.

ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುವುದು ಈ ಯುದ್ಧದ ಪ್ರಶ್ನೆ. ಬೇರೆ ದೇಶಗಳ ಮೇಲೆ ಬಿದ್ದು ಅವರ ನೆಲ ಕಿತ್ತುಕೊಳ್ಳುವುದನ್ನು ನ್ಯಾಯದ ಯುದ್ಧ ಎನ್ನುವುದು ಹೇಗೆ? ಕ್ರೈಸ್ತನೂ ಆಗಿದ್ದು ಹಿಟ್ಲರನ ಸೈನಿಕನೂ ಆಗಿರುವುದು ಹೇಗೆ? ಊರಿನ ಪಾದ್ರಿಗಳನ್ನು ಕೇಳಿದರು. ಲಿನ್ಜ್ ನಗರದ ಬಿಷಪ್ ಬಳಿಗೂ ಹೋದರು. ನಿನಗೆ ಹೆಂಡತಿ ಮಕ್ಕಳಿದ್ದಾರೆ, ಅವರ ಹೊಣೆ ಮೊದಲು ನೋಡು, ಯುದ್ಧದ ಸರಿತಪ್ಪಿನ ಹೊಣೆ ಆಳುವವರದು ಎಂಬ ಧಾಟಿಯ ಉತ್ತರ ಸಿಕ್ಕಿತು. ಅವರನ್ನು ಬೆಂಬಲಿಸುವ ದೊಡ್ಡವರು ಒಬ್ಬರೂ ಇರಲಿಲ್ಲ. ಹೆಂಡತಿ ಫ್ರಾನ್ಜಿಸ್ಕಾ ಮೊದಲು ಬೇಡ ಎಂದು ಬೇಡಿಕೊಂಡರು, ಆಮೇಲೆ ಗಂಡನ ಪಕ್ಕದಲ್ಲಿ ನಿಂತರು. ಮೂವರು ಸಣ್ಣ ಹೆಣ್ಣುಮಕ್ಕಳು.

1943ರ ಫೆಬ್ರವರಿಯಲ್ಲಿ ಮತ್ತೆ ಕರೆ ಬಂತು. ಮಾರ್ಚ್ ಮೊದಲ ದಿನ ಶಿಬಿರಕ್ಕೆ ಹೋಗಿ, ಆಯುಧ ಹಿಡಿಯುವುದಿಲ್ಲ ಎಂದು ತಾವೇ ಹೇಳಿದರು. ಗಾಯಾಳುಗಳ ಸೇವೆ ಮಾಡಲು ಸಿದ್ಧ ಎಂದೂ ಹೇಳಿದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜುಲೈ 6ರಂದು ಬರ್ಲಿನ್‌ನ ಸೇನಾ ನ್ಯಾಯಾಲಯ ಮರಣದಂಡನೆ ಕೊಟ್ಟಿತು. ಕೈಗೆ ಕೋಳ ಇದ್ದಾಗ ಬರೆದ ಕಾಗದದಲ್ಲಿ, ಮನಸ್ಸಿಗೆ ಕೋಳ ಬೀಳುವುದಕ್ಕಿಂತ ಇದೇ ಮೇಲು ಎಂಬ ಅರ್ಥದ ಮಾತಿದೆ. ಆಗಸ್ಟ್ 9ರಂದು ಬ್ರಾಂಡೆನ್‌ಬರ್ಗ್‌ನಲ್ಲಿ ತಲೆ ಕಡಿದರು.

ನಾತ್ಸಿ ಆಡಳಿತದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥದ 200ಕ್ಕೂ ಹೆಚ್ಚು ಜನ ಆಯುಧ ಹಿಡಿಯದ ಕಾರಣಕ್ಕೆ ಹೀಗೇ ಸತ್ತರು. ಅವರು ಎಲ್ಲ ಯುದ್ಧಗಳನ್ನೂ ಒಲ್ಲೆ ಎಂದವರು. 1971ರ ಅಮೆರಿಕದ ಅಳತೆಗೋಲಿನಲ್ಲಿ ಅವರು ಪಾಸಾಗುತ್ತಿದ್ದರು. ಹಿಟ್ಲರನ ಯುದ್ಧ ಅನ್ಯಾಯದ್ದು ಎಂದು ಅದನ್ನೇ ಬೊಟ್ಟು ಮಾಡಿ ತೋರಿಸಿದ ಯೇಗರ್‌ಸ್ಟೆಟರ್ ಪಾಸಾಗುತ್ತಿದ್ದದ್ದು ಅನುಮಾನ. ಇಂಥವರನ್ನು ಹೊರಗಿಡುವ ಪರೀಕ್ಷೆ ಸರಿಯಾದ ಪರೀಕ್ಷೆ ಎಂದು ನಾನು ಒಪ್ಪಲಾರೆ.

ಯುದ್ಧ ಮುಗಿದ ಮೇಲೂ ಊರು ಕರಗಲಿಲ್ಲ. ಸತ್ತ ಸೈನಿಕರ ಹೆಂಡತಿಯರಿಗೆ ಪಿಂಚಣಿ ಬಂತು, ಫ್ರಾನ್ಜಿಸ್ಕಾ ಅವರಿಗೆ 1950ರವರೆಗೆ ಬರಲಿಲ್ಲ. ಅವರ ಗಂಡ ದೇಶಕ್ಕಾಗಿ ಸಾಯಲಿಲ್ಲವಂತೆ. 1997ರಲ್ಲಿ ಬರ್ಲಿನ್‌ನ ಕೋರ್ಟೊಂದು ಆ ಮರಣದಂಡನೆಯನ್ನು ರದ್ದು ಮಾಡಿತು. 2007ರ ಅಕ್ಟೋಬರ್‌ನಲ್ಲಿ ಚರ್ಚು ಅವರನ್ನು ಪುನೀತರೆಂದು ಘೋಷಿಸಿದಾಗ ಫ್ರಾನ್ಜಿಸ್ಕಾ ಅವರಿಗೆ 94 ವರ್ಷ. ಲಿನ್ಜ್‌ನಲ್ಲಿ ಸಮಾರಂಭಕ್ಕೆ ಬಂದಿದ್ದರು.

ಜರ್ಮನಿ ಕಲಿತದ್ದು

ಈ ಇತಿಹಾಸ ಹೊತ್ತ ಜರ್ಮನಿ 1949ರ ತನ್ನ ಸಂವಿಧಾನದ 4ನೇ ವಿಧಿಯಲ್ಲೇ ಬರೆದುಕೊಂಡಿತು: ಆತ್ಮಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಆಯುಧ ಹಿಡಿದು ಯುದ್ಧ ಮಾಡುವಂತೆ ಬಲವಂತ ಮಾಡುವಂತಿಲ್ಲ. ಆಗ ಆ ದೇಶಕ್ಕೆ ಸೇನೆಯೇ ಇರಲಿಲ್ಲ. ಸೇನೆ ಬರುವ ಮುಂಚೆಯೇ ನಿರಾಕರಿಸುವ ಹಕ್ಕು ಬಂತು.

ಅಲ್ಲಿ ಒಂದು ಹೆಜ್ಜೆ ಮುಂದೆಯೂ ಹೋದರು. 2003ರಲ್ಲಿ ಫ್ಲೋರಿಯಾನ್ ಫಾಫ್ ಎಂಬ ಮೇಜರ್ ಒಂದು ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದರು. ಅದು ಇರಾಕ್ ಯುದ್ಧಕ್ಕೆ ನೆರವಾಗಬಹುದು ಎನಿಸಿ ಮುಂದುವರಿಸಲು ಒಪ್ಪಲಿಲ್ಲ. ಅವರು ಸೇನೆ ಬಿಡುವ ಮಾತಾಡಲಿಲ್ಲ. ಈ ಯುದ್ಧಕ್ಕೆ ಮಾತ್ರ ನನ್ನ ಕೈ ಬೇಡ ಎಂದರು. ಅವರನ್ನು ಕ್ಯಾಪ್ಟನ್ ದರ್ಜೆಗೆ ಇಳಿಸಿದರು. 2005ರ ಜೂನ್‌ನಲ್ಲಿ ಫೆಡರಲ್ ಆಡಳಿತ ನ್ಯಾಯಾಲಯ ಆ ಶಿಕ್ಷೆಯನ್ನು ತೆಗೆದುಹಾಕಿತು. ಯೂನಿಫಾರ್ಮ್ ಹಾಕಿದ ಮಾತ್ರಕ್ಕೆ ಆತ್ಮಸಾಕ್ಷಿಯ ಸ್ವಾತಂತ್ರ್ಯ ಹೋಗುವುದಿಲ್ಲ, ಇರಾಕ್ ಯುದ್ಧದ ಬಗ್ಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಗಂಭೀರ ಅನುಮಾನಗಳಿವೆ ಎಂದಿತು. ಇದರಿಂದ ಜರ್ಮನಿಯ ಸೇನೆ ಕುಸಿದು ಬೀಳಲಿಲ್ಲ.

ಬೇರೆ ದೇಶಗಳು ನಿಧಾನವಾಗಿ ಬರುತ್ತಿವೆ, ಅದೂ "ಎಲ್ಲ ಯುದ್ಧ" ಎನ್ನುವವರ ವಿಷಯದಲ್ಲಿ ಮಾತ್ರ. 2011ರಲ್ಲಿ ಅರ್ಮೇನಿಯಾದ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಇದನ್ನು ಹಕ್ಕೆಂದು ಒಪ್ಪಿತು. ದಕ್ಷಿಣ ಕೊರಿಯಾದಲ್ಲಿ ಸಾವಿರಾರು ಯುವಕರು ಜೈಲು ಕಂಡ ಮೇಲೆ 2018ರಲ್ಲಿ ಕೋರ್ಟುಗಳು ದಾರಿ ತೆರೆದವು. ಆದರೆ ಬದಲಿ ಸೇವೆ ಎಂದರೆ ಜೈಲಿನೊಳಗೆ 36 ತಿಂಗಳು ಕೆಲಸ. ಭೂಸೇನೆಗೆ ಹೋದವರಿಗೆ 18 ತಿಂಗಳು ಸಾಕು. ರಷ್ಯಾ 2022ರ ಸೆಪ್ಟೆಂಬರ್‌ನಲ್ಲಿ, ಉಕ್ರೇನ್ ಯುದ್ಧದ ನಡುವೆ, ಹೋರಾಡಲು ಒಪ್ಪದ ಸೈನಿಕರಿಗೆ ಜೈಲು ಶಿಕ್ಷೆಯನ್ನು ಕಾನೂನಿಗೆ ಹೊಸದಾಗಿ ಸೇರಿಸಿತು.

ಪೇಶಾವರ, 1930

ನಮ್ಮ ಉಪಖಂಡದಲ್ಲೂ ಇಂಥ ದೊಡ್ಡ ಘಟನೆ ನಡೆದಿದೆ. ಅದು ಯುದ್ಧವಲ್ಲ, ಆದರೆ ಸೈನಿಕನ ಮುಂದಿದ್ದ ಪ್ರಶ್ನೆ ಅದೇ.

ಚಂದ್ರಸಿಂಗ್ ಗಢ್ವಾಲಿ ರಾಯಲ್ ಗಢ್ವಾಲ್ ರೈಫಲ್ಸ್‌ನ ಹವಾಲ್ದಾರ್. 1914ರಲ್ಲಿ ಸೇನೆಗೆ ಸೇರಿ ಫ್ರಾನ್ಸ್, ಮೆಸೊಪೊಟೇಮಿಯಾಗಳಲ್ಲಿ ಹೋರಾಡಿದವರು. 1930ರ ಏಪ್ರಿಲ್‌ನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನ್ ಅವರ ಬಂಧನವಾದಾಗ ಪೇಶಾವರದಲ್ಲಿ ಜನ ಬೀದಿಗಿಳಿದರು. ಏಪ್ರಿಲ್ 23ರಂದು ಕಿಸ್ಸಾ ಖ್ವಾನಿ ಬಜಾರಿನಲ್ಲಿ ಗಢ್ವಾಲಿ ತುಕಡಿಗಳಿಗೆ ಗುಂಡು ಹಾರಿಸಲು ಆದೇಶ ಬಂತು. ಎದುರಿಗಿದ್ದವರು ಬರಿಗೈಯ ಪಠಾಣರು. ಹಿಂದೂ ಸೈನಿಕರು ಮುಸ್ಲಿಂ ಗುಂಪಿನ ಮೇಲೆ ಹಿಂಜರಿಯದೆ ಗುಂಡು ಹಾರಿಸುತ್ತಾರೆ ಎಂಬುದು ಬ್ರಿಟಿಷರ ಎಣಿಕೆ. ಗಢ್ವಾಲಿಗಳು ಬಂದೂಕು ಕೆಳಗಿಳಿಸಿದರು. ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿಸುವುದಿಲ್ಲ ಎಂದರು. ಬೇರೆ ಪಡೆಗಳು ಆ ದಿನ ಗುಂಡು ಹಾರಿಸಿದವು, ಬಹಳ ಜನ ಸತ್ತರು. ಚಂದ್ರಸಿಂಗ್ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಹನ್ನೊಂದು ವರ್ಷ ಜೈಲಿನಲ್ಲಿದ್ದರು. ಅವರ ಜೊತೆಗಾರರಿಗೂ ದೀರ್ಘ ಸಜೆಗಳಾದವು.

1931ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ರಾಜಕೀಯ ಕೈದಿಗಳ ಬಿಡುಗಡೆಯಾಯಿತು. ಆದೇಶ ಮೀರಿದ ಸೈನಿಕರು ಅದರಲ್ಲಿ ಸೇರಲಿಲ್ಲ. ಇನ್ನೂ ಬೇಸರ ತರುವ ಸಂಗತಿ ಇದೆ. 1932ರಲ್ಲಿ ಪ್ರಕಟವಾದ ಫ್ರೆಂಚ್ ಪತ್ರಕರ್ತರೊಬ್ಬರ ಸಂದರ್ಶನದಲ್ಲಿ ಗಾಂಧೀಜಿ ಗಢ್ವಾಲಿ ಸೈನಿಕರ ಬಗ್ಗೆ ಮಾತಾಡಿದರು. ಗುಂಡು ಹಾರಿಸುವ ಆದೇಶ ಮೀರುವ ಸೈನಿಕ ತಾನು ಮಾಡಿದ ಪ್ರತಿಜ್ಞೆಯನ್ನು ಮುರಿಯುತ್ತಾನೆ, ನಾಳೆ ನಮ್ಮ ಕೈಗೆ ಅಧಿಕಾರ ಬಂದರೆ ನಾವೂ ಇದೇ ಸೈನಿಕರನ್ನು ಬಳಸಬೇಕಾದೀತು ಎಂಬುದು ಅವರ ಮಾತಿನ ಸಾರ. ಅಹಿಂಸೆಯನ್ನೇ ಉಸಿರಾಡಿದವರು ಹೀಗೆ ಹೇಳಿದ್ದನ್ನು ಒಪ್ಪಿಕೊಳ್ಳುವುದು ನನಗೆ ಇವತ್ತಿಗೂ ಕಷ್ಟ. ಸೈನಿಕನ ಆತ್ಮಸಾಕ್ಷಿ ಎಂದರೆ ಆಳುವವರಿಗೆ ಮಾತ್ರವಲ್ಲ, ಮುಂದೆ ಆಳಬೇಕಾದವರಿಗೂ ಅಂಜಿಕೆ ಎಂದು ಇದರಿಂದ ಕಾಣುತ್ತದೆ.

ಇವತ್ತಿನ ಭಾರತದಲ್ಲಿ

ಕೊಡಗಿನಲ್ಲೋ ಬೆಳಗಾವಿ ಕಡೆಯೋ ಮನೆಯಲ್ಲಿ ಸೈನಿಕರಿರುವವರು ಇದನ್ನು ಓದಿದರೆ, ಇದೆಲ್ಲ ನಮಗೇಕೆ ಎನ್ನಬಹುದು. ನಮ್ಮಲ್ಲಿ ಕಡ್ಡಾಯ ಭರ್ತಿ ಇಲ್ಲ. ಸೇರುವವರು ತಾವಾಗಿ ಸೇರುತ್ತಾರೆ, ಹೆಮ್ಮೆಯಿಂದ ಸೇರುತ್ತಾರೆ. ಅದು ನಿಜ. ಸೈನಿಕರ ತ್ಯಾಗವನ್ನು ಕಡಿಮೆ ಮಾಡುವ ಮಾತು ಇದಲ್ಲ.

ಆದರೆ ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಬೇಕು. 1950ರ ಸೇನಾ ಕಾಯ್ದೆಯಲ್ಲಿ ಆತ್ಮಸಾಕ್ಷಿಯ ಕಾರಣಕ್ಕೆ ವಿನಾಯಿತಿ ಕೊಡುವ ಕಲಮು ಇಲ್ಲ. 41ನೇ ಕಲಮಿನ ಪ್ರಕಾರ ಅಧಿಕಾರಕ್ಕೆ ಸವಾಲು ಹಾಕುವ ರೀತಿಯಲ್ಲಿ ಕಾನೂನುಬದ್ಧ ಆದೇಶ ಮೀರಿದರೆ 14 ವರ್ಷದವರೆಗೆ ಸಜೆ. ಯುದ್ಧಸೇವೆಯಲ್ಲಿದ್ದಾಗ ಅಥವಾ ಅದಕ್ಕೆ ಹೊರಡುವ ಆದೇಶ ಬಂದಾಗ ಪಲಾಯನ ಮಾಡಿದರೆ 38ನೇ ಕಲಮು ಮರಣದಂಡನೆಯವರೆಗೂ ಹೋಗುತ್ತದೆ. ಇಲ್ಲಿ ಇರುವ ಒಂದೇ ಬಾಗಿಲು "ಕಾನೂನುಬದ್ಧ" ಎಂಬ ಮಾತು. ಕಾನೂನುಬಾಹಿರ ಆದೇಶ ಮೀರಿದರೆ ಆ ಕಲಮು ತಗಲುವುದಿಲ್ಲ. ಯುದ್ಧವೇ ತಪ್ಪು ಎನ್ನುವವನಿಗೆ ಆ ಬಾಗಿಲು ಸಾಲದು. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. 33ನೇ ವಿಧಿ, ಸೇನೆಯಲ್ಲಿರುವವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮಿತಿಗೊಳಿಸಬಹುದು ಎನ್ನುತ್ತದೆ.

ಇನ್ನೊಂದು ವಿಧಿಯನ್ನು ಹೆಚ್ಚಿನವರು ಗಮನಿಸಿಲ್ಲ. 23(2)ರ ಪ್ರಕಾರ ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ವಿಧಿಸಬಹುದು. ಹಾಗೆ ವಿಧಿಸುವಾಗ ಧರ್ಮ, ಜನಾಂಗ, ಜಾತಿ, ವರ್ಗದ ಆಧಾರದ ಮೇಲೆ ಭೇದ ಮಾಡಬಾರದು. ಅಷ್ಟೇ. ಆತ್ಮಸಾಕ್ಷಿ ಒಪ್ಪದವರ ಬಗ್ಗೆ ಅಲ್ಲಿ ಒಂದಕ್ಷರವೂ ಇಲ್ಲ. ಎಂದಾದರೂ ಕಡ್ಡಾಯ ಭರ್ತಿ ಬಂದರೆ ಈ ಪ್ರಶ್ನೆ ಮೊದಲ ವಾರವೇ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಆ ಕಲಮನ್ನು ಬರೆಯಬೇಕಾದದ್ದು ಶಾಂತಿಯ ಕಾಲದಲ್ಲಿ, ಜರ್ಮನಿ ಬರೆದಂತೆ. ಬ್ರಿಟನ್ ಯುದ್ಧದ ನಟ್ಟನಡುವೆ ಬರೆಯಿತು, ಅದನ್ನು ತೀರ್ಮಾನಿಸುವ ಕೆಲಸವನ್ನು ಹುಡುಗರನ್ನು ಸೇನೆಗೆ ಸೇರಿಸುತ್ತಿದ್ದವರ ಕೈಗೇ ಕೊಟ್ಟಿತು.